ಮುದುಕಮ್ಮನ ಬಟ್ಟಲು ಮತ್ತು ಕೊನೆಯ ಹೊಲ

ಮೊದಲೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆಂದಿಲ್ಲ. ಒಂದು ಸಾಲು ಮೇಲಕ್ಕೆ ಹತ್ತಿದರೆ ಇನ್ನೊಂದು ಕೆಳಕ್ಕೆ ಇಳಿಯುತ್ತದೆ. ಒತ್ತಕ್ಷರ ಎಲ್ಲಿ ಕೊಡಬೇಕು ಎಂಬುದು ಒಮ್ಮೊಮ್ಮೆ ಮರೆತುಹೋಗುತ್ತದೆ. ಯಂಕೋಬ ಮಾಸ್ತರರ ಸ್ವಂತ ಖಾನಗಿ ಶಾಲೆಯಲ್ಲಿ ಮೂರನೆಯ ಪುಸ್ತಕ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ. ಅವ್ವನ ಜೊತೆ ಕಳೆ ತೆಗೆಯಲು ಹೋಗಬೇಕಾಯಿತು, ಶಾಲೆ ಬಿಟ್ಟೆ. ಈಗ ನನಗೆ ಹದಿನಾರು. ಈ ಹಾಳೆಗಳನ್ನು ಮಾಸ್ತರರೇ ಕೊಟ್ಟರು. ತಪ್ಪಾದ ಹಾಳೆಯನ್ನು ತೆಗೆದಿಟ್ಟು ಬೇರೆ ಹಾಳೆಯಲ್ಲಿ ಮತ್ತೆ ಬರೆದಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಕೇಳಿದ್ದನ್ನು ಕೇಳಿದೆ ಎಂದೂ ಬರೆದಿದ್ದೇನೆ. ಚೆಂದದ ಮಾತು ನನಗೆ ಬರುವುದಿಲ್ಲ.

ನಾನು ಬರೆಯುತ್ತಿರುವುದು ಮುದುಕಮ್ಮನ ವಿಷಯ. ಅವಳು ನನ್ನ ಸ್ವಂತ ಅಜ್ಜಿಯಲ್ಲ. ಆದರೂ ಊರಿನ ಮಕ್ಕಳೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿದ್ದೆವು. ಈ ಸಲದ ಕಾರಹುಣ್ಣಿಮೆ ಮುಗಿದ ಎಂಟನೆಯ ದಿನ ಅವಳು ತೀರಿಕೊಂಡಳು. ಇಪ್ಪತ್ತೆರಡು ವರ್ಷ ನಮ್ಮೂರ ಕೆರೆಯ ನೀರನ್ನು ಯಾರ ಹೊಲಕ್ಕೆ ಎಷ್ಟು ಹೊತ್ತು ಬಿಡಬೇಕು ಎಂದು ಅಳೆದುಕೊಟ್ಟವಳು ಅವಳು.

ನಮ್ಮೂರು ಮಸ್ಕಿಯಿಂದ ಬಳಗಾನೂರಿಗೆ ಹೋಗುವ ಬಂಡಿಹಾದಿಯಿಂದ ಒಂದು ಹರದಾರಿ ಒಳಗಿದೆ. ಸುತ್ತ ಎರೆಭೂಮಿ. ಆ ಭೂಮಿಗೆಲ್ಲ ಮಳೆಯೇ ಗತಿ. ಕೆರೆಯ ಕೆಳಗಿನ ಹದಿನಾಲ್ಕು ಹೊಲಗಳಿಗೆ ಮಾತ್ರ ನೀರು ಹರಿಯುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಲ್ಲಿ ನೆಲ್ಲು ಹಚ್ಚುತ್ತಾರೆ. ಮಳೆ ಕೈಕೊಟ್ಟ ವರ್ಷ ನೆಲ್ಲಿನ ಮಾತು ಯಾರೂ ಎತ್ತುವುದಿಲ್ಲ, ಏಕೆಂದರೆ ಒಂದು ಹೊಲದ ನೆಲ್ಲು ಕುಡಿಯುವ ನೀರಿನಲ್ಲಿ ಮೂರು ಹೊಲದ ಜೋಳ ಬರುತ್ತದೆ. ಅಂಥ ವರ್ಷ ಆ ಹದಿನಾಲ್ಕು ಹೊಲಗಳ ಜೋಳವೇ ಊರಿಗೆಲ್ಲ ಊಟ. ಹೊಲ ಇದ್ದವರು ತಿನ್ನುತ್ತಾರೆ, ನಮ್ಮಂಥವರು ಕಳೆ ತೆಗೆದು, ತೆನೆ ಮುರಿದು, ಕೂಲಿಯ ಕಾಳು ತಂದು ತಿನ್ನುತ್ತೇವೆ.

ನೀರು ಅಳೆಯುವುದು ಹೀಗೆ. ಕೆರೆಯ ಏರಿಯ ಮೇಲೆ, ತೂಬಿನ ಪಕ್ಕದಲ್ಲಿ ಒಂದು ಬೇವಿನ ಗಿಡ. ಅದರ ನೆರಳಿನಲ್ಲಿ ಕಲ್ಲಿನ ಬಾನಿ. ಬಾನಿಗೆ ತಿಳಿನೀರು ತುಂಬಿ, ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ತೇಲಿಬಿಡುತ್ತಾರೆ. ತೂತಿನಿಂದ ನೀರು ಒಳಗೆ ಏರಿ ಏರಿ ಬಟ್ಟಲು ಕೊನೆಗೆ ಗುಳುಕ್ ಎಂದು ಮುಳುಗುತ್ತದೆ. ಅಷ್ಟು ಹೊತ್ತಿಗೆ ಒಂದು ಬಟ್ಟಲು ಎಂದು ಹೆಸರು. ಮುಳುಗಿದ ಕೂಡಲೇ ಎತ್ತಿ, ಎಡಗಡೆಯ ಸಣ್ಣ ಕಲ್ಲುಗಳ ಗುಂಪಿನಿಂದ ಒಂದು ಹಳ್ಳು ತೆಗೆದು ಬಲಗಡೆಗೆ ಇಟ್ಟು, ಬಟ್ಟಲನ್ನು ಮತ್ತೆ ತೇಲಿಬಿಡಬೇಕು. ಒಂದು ಹೊಲಕ್ಕೆ ಆರು ಬಟ್ಟಲು. ಆರು ಹಳ್ಳು ಆದಮೇಲೆ ಏರಿಯಿಂದ ಕೂಗಿದರೆ ಆ ಹೊಲದ ಬಾಯಿ ಮುಚ್ಚಿ ಮುಂದಿನ ಹೊಲದ್ದನ್ನು ತೆಗೆಯುತ್ತಾರೆ. ಹೊತ್ತು ಮುಳುಗಿದರೆ ತೂಬು ಮುಚ್ಚುವುದು, ಮರುದಿನ ಬಿಟ್ಟಲ್ಲಿಂದ ಮುಂದುವರಿಸುವುದು. ಒಂದು ಹೊಲದ ಪಾಲಿಗೆ ಒಂದು ಸರದಿ ಎಂದೂ, ಹದಿನಾಲ್ಕೂ ಹೊಲ ಮುಗಿದರೆ ಒಂದು ಸುತ್ತು ಎಂದೂ ಹೆಸರು.

ಹದಿಮೂರು ಹೊಲಗಳು ಒಂದಕ್ಕೊಂದು ಹತ್ತಿಕೊಂಡೇ ಇವೆ. ಹದಿನಾಲ್ಕನೆಯದು ಅಂಬಪ್ಪನದು. ಅದು ದೂರ. ಕಾಲುವೆ ಒಂದು ಕಲ್ಲುದಿಬ್ಬವನ್ನು ಸುತ್ತಿಕೊಂಡು ಹೋಗಿ ಅಲ್ಲಿಗೆ ಮುಟ್ಟುತ್ತದೆ. ಒಣಗಿ ಬಿರಿದ ಆ ಕಾಲುವೆಯಲ್ಲಿ ನೀರು ನಡೆಯುವಷ್ಟು ಹೊತ್ತು ಅಂಬಪ್ಪನಿಗೆ ಏನೂ ಸಿಗುವುದಿಲ್ಲ. ಅದಕ್ಕಾಗಿ ಹಿಂದಿನವರು ಆ ಹೊಲಕ್ಕೆ ಮೂರು ಬಟ್ಟಲು ಹೆಚ್ಚಿಗೆ ಇಟ್ಟಿದ್ದಾರೆ. ಅವಕ್ಕೆ ಹಾದಿ ಬಟ್ಟಲು ಎನ್ನುತ್ತಾರೆ. ಮೂರು ಹಾದಿಗೆ, ಆರು ಹೊಲಕ್ಕೆ, ಒಟ್ಟು ಒಂಬತ್ತು.

ಮುದುಕಮ್ಮ ವಳಕಮದಿನ್ನಿಯಿಂದ ಮದುವೆಯಾಗಿ ಬಂದವಳು. ಗಂಡ ಆದೆಪ್ಪ ನೀರು ಬಿಡುವ ಕೆಲಸದವನು. ಒಂದು ವರ್ಷ ಬಾನಿಗೆ ರಾಡಿನೀರು ತುಂಬಿ ಬಟ್ಟಲ ತೂತಿಗೆ ಕೆಸರು ಕಟ್ಟಿತಂತೆ. ಬಟ್ಟಲು ಮುಳುಗಲೇ ಇಲ್ಲ. ಒಬ್ಬನ ಹೊಲಕ್ಕೆ ಅರ್ಧ ದಿನ ನೀರು ಹೋಯಿತು. ಉಳಿದವರು ಆದೆಪ್ಪನನ್ನು ಏರಿಯಿಂದ ಕೆಳಗೆ ಎಳೆದು ಹೊಡೆದರು. ಅಂದಿನಿಂದ ಗಂಡ ಹೆಂಡತಿ ಇಬ್ಬರಿಗೂ ತೂತಿನದೇ ಚಿಂತೆ. ಮಕ್ಕಳು ಉಳಿಯಲಿಲ್ಲ. ಆದೆಪ್ಪ ಜ್ವರ ಬಂದು ಮಲಗಿದಾಗ ಒಂದು ತಿಂಗಳು ಅವಳೇ ಬಟ್ಟಲ ಮುಂದೆ ಕುಳಿತಳು, ಒಬ್ಬರೂ ಜಗಳ ತೆಗೆಯಲಿಲ್ಲ. ಅವನು ಸತ್ತ ಮೇಲೆ ಊರವರು ನೀನೇ ಕೂಡು ಎಂದರು. ಸುಗ್ಗಿಯಲ್ಲಿ ಪ್ರತಿ ಹೊಲದವರು ಅವಳಿಗೆ ಒಂದು ಬುಟ್ಟಿ ಕಾಳು ಕೊಡುತ್ತಿದ್ದರು. ತೂಬಿನ ಬುಡದಲ್ಲಿದ್ದ ಮೊದಲನೆಯ ಹೊಲ, ಅಂಗಳದಷ್ಟು ಸಣ್ಣದು, ಅವಳದೇ.

ದಿನಾ ಬೆಳಿಗ್ಗೆ ಅವಳು ಬಟ್ಟಲನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆಮೇಲೆ ಜಾಲಿಮುಳ್ಳಿಗೆ ಬೂದಿ ಹಚ್ಚಿ, ತೂತಿನಲ್ಲಿ ಇಟ್ಟು ಮೂರು ಸುತ್ತು ತಿರುವುತ್ತಿದ್ದಳು. ಸೂರ್ಯನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ತೂತಿನಿಂದ ಬೆಳಕು ದುಂಡಗೆ ಕಂಡರೆ ಮಾತ್ರ ಬಾನಿಗೆ ಇಡುವುದು. ನೀರು ಬಿಡದ ದಿನವೂ ಹೀಗೇ ಮಾಡುತ್ತಿದ್ದಳು. ಇಪ್ಪತ್ತೆರಡು ವರ್ಷ ಒಂದು ದಿನ ತಪ್ಪಿಸಿಲ್ಲ ಎಂದು ಅವಳೇ ನನಗೆ ಹೇಳಿದ್ದಾಳೆ.

ಒಂದು ಕೆಲಸ ಮಾತ್ರ ಬಿಟ್ಟುಹೋಗಿತ್ತು. ಆದೆಪ್ಪ ಇದ್ದಾಗ, ಹಂಗಾಮಿನ ಮೊದಲ ಸುತ್ತಿನಲ್ಲಿ, ಅವಳನ್ನು ಬಟ್ಟಲ ಮುಂದೆ ಕೂರಿಸಿ ತಾನು ನೀರಿನ ಮುಂತುದಿಯ ಜೊತೆ ಕೊನೆಯ ಹೊಲದ ತನಕ ನಡೆಯುತ್ತಿದ್ದ. ನೀರು ಅಲ್ಲಿ ಮುಟ್ಟುವುದಕ್ಕೂ ಮೂರನೆಯ ಹಾದಿ ಬಟ್ಟಲು ಮುಳುಗುವುದಕ್ಕೂ ಸರಿಹೋಗಬೇಕು. ಅವನು ಹೋದ ಮೇಲೆ ಅವಳು ಒಬ್ಬಳೇ. ಒಬ್ಬಳೇ ಕೂಡುವುದು, ನಡೆಯುವುದು ಎರಡೂ ಆಗುವುದಿಲ್ಲ. ನಡೆದು ನೋಡಿರಿ ಎಂದು ಊರವರೂ ಕೇಳಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ, ಯುದ್ಧ ಮುಗಿಯಿತು ಎಂದು ಸುದ್ದಿ ಬಂದ ವರ್ಷ, ಮುಂಗಾರು ಪೂರಾ ಹೋಯಿತು. ಅದಕ್ಕೂ ಮೊದಲೇ ಸರ್ಕಾರದವರು ಲೆವಿ ಎಂದು ಮನೆಮನೆಯ ಕಾಳು ಅಳೆದುಕೊಂಡು ಒಯ್ದಿದ್ದರಿಂದ ನೆಲದೊಳಗಿನ ಹಗೇವುಗಳು ಬರಿದಾಗಿದ್ದವು. ಚಿತ್ತಿ ಮಳೆ ಒಂದೇ ಒಂದು ದಿನ ಬಂದು ಕೆರೆಗೆ ಅರ್ಧ ನೀರು ಬಂತು. ಚಾವಡಿಯಲ್ಲಿ ಕೂಡಿ, ಯಾರೂ ನೆಲ್ಲು ಹಚ್ಚಬಾರದು, ಹದಿನಾಲ್ಕೂ ಹೊಲಗಳಲ್ಲಿ ಬಿಳಿಜೋಳವೇ ಎಂದು ಮಾತಾಯಿತು. ಎಲ್ಲರೂ ಒಪ್ಪಿದರು. ನಮ್ಮೂರ ಗೌಡರು ಮಾಳಿಂಗಪ್ಪ. ಅವರೂ ತಮ್ಮ ನೆಲ್ಲಿನ ಬೀಜ ಕುಟ್ಟಿಸಿ ಮನೆಯಲ್ಲಿ ಅನ್ನ ಮಾಡಿಸಿಬಿಟ್ಟರು ಎಂದು ಕೇಳಿದೆ.

ಆ ವರ್ಷವೇ ನಾನು ಆಯಿಯ ಹತ್ತಿರ ಕೂಡಲು ಹೋದದ್ದು. ಅವಳಿಗೆ ಕಣ್ಣು ಮಂದವಾಗಿತ್ತು. ಬಟ್ಟಲು ಎತ್ತುವುದು ಅವಳು, ಹಳ್ಳು ಇಡುವುದು ನಾನು. ಕೂಗುವುದನ್ನು ಮಾತ್ರ ನನ್ನ ಮೇಲೆ ಹಾಕಬೇಡ ಎಂದು ಕೇಳಿಕೊಂಡಿದ್ದೆ. ಅಷ್ಟು ಜನರ ಮುಂದೆ ನನಗೆ ದನಿ ಏಳುವುದಿಲ್ಲ. ಬಟ್ಟಲು ತೇಲುತ್ತಿರುವಾಗ ಅವಳು ಅರಳೆ ತೆಗೆದುಕೊಂಡು ಗುಡಿಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ಮೊದಲೆಲ್ಲ ಒಂದು ಬಟ್ಟಲಿಗೆ ಐವತ್ತು ಬತ್ತಿ ಆಗುತ್ತಿದ್ದವು, ಈಗ ಮೂವತ್ತರ ಮೇಲೆ ಹೋಗುವುದಿಲ್ಲ, ಕೈ ಮೊಂಡಾಗಿದೆ, ಮುಪ್ಪು ಬಂತು ಎನ್ನುತ್ತಿದ್ದಳು.

ಎರಡನೆಯ ಸುತ್ತು ಮುಗಿದ ದಿನ ಅಂಬಪ್ಪ ಏರಿ ಹತ್ತಿ ಬಂದ. ಅವನಿಗೆ ಮೂವತ್ತು ವರ್ಷ ಇರಬಹುದು. ಅವನೂ ಹೆಂಡತಿ ಅಯ್ಯಮ್ಮನೂ ಇಬ್ಬರು ಮಕ್ಕಳೂ ಆ ಒಂದು ಹೊಲವನ್ನೇ ನಂಬಿಕೊಂಡಿದ್ದರು. ಬೇರೆ ಏನೂ ಇರಲಿಲ್ಲ. ಮೊಣಕಾಲ ತನಕ ಒಣ ಧೂಳು, ಹೆಗಲ ಮೇಲೆ ಸಲಿಕೆ.

"ಆಯಿ, ಹಾದಿ ಬಟ್ಟಲ ಹಾಕೀಯೋ ಇಲ್ಲೋ?" ಎಂದ.

"ಮೂರೂ ಹಾಕೀನಿ. ಬೇಕಂದ್ರ ಈ ಕೂಸಿನ್ನ ಕೇಳು."

"ಮೂರು ಹಾಕಿದ್ರ ನೀರು ಎಲ್ಲಿ ಹೋತು? ನಾಕು ಸಾಲು ತೊಯ್ಯಾಣಿಲ್ಲ, ನೀ ಮುಚ್ಚು ಅಂತ ಕೂಗ್ತಿ. ದಿಬ್ಬದ ಹಿಂದ ಕುಂತು ಬೀಡಿ ಸೇದಾಕತ್ತಿತ್ತೇನು ನೀರು?"

"ಸೇದಿದ್ರ ನಿನ್ನ ಕಡೀನ ಇಸಗೊಂಡು ಸೇದಿರಬೇಕು ಬಿಡಪ್ಪ," ಎಂದಳು ಆಯಿ.

ಅಲ್ಲಿ ಕುಳಿತಿದ್ದ ನಾಲ್ಕು ಜನ ನಕ್ಕರು. ಆಯಿಯೂ ನಕ್ಕಳು. ಅಂಬಪ್ಪ ನಗಲಿಲ್ಲ. ಮೂರನೆಯ ಸುತ್ತಿನಲ್ಲೂ ಹಾಗೆಯೇ ಆಯಿತು. ಮೇಲಿನ ಹೊಲದವರು ಅವನಿಗೇ ಅಂದರು: ಕಾಲುವೆಯ ಹೂಳು ತೆಗೆದಿಲ್ಲ, ಇಲಿಬಿಲ ಮುಚ್ಚಿಲ್ಲ, ಮೈಗಳ್ಳ. ಅವನೂ ಅಯ್ಯಮ್ಮನೂ ಎರಡು ದಿನ ಕಾಲುವೆಯಲ್ಲಿ ಬಗ್ಗಿ ಬಗ್ಗಿ ಹೂಳು ತೆಗೆದದ್ದನ್ನು ನಾನು ಕಂಡಿದ್ದೇನೆ. ನಾಲ್ಕನೆಯ ಸುತ್ತು ಮುಗಿದಾಗ ಅವನು ಚಾವಡಿಗೆ ಹೋದ.

ನಮ್ಮೂರಲ್ಲಿ ಬಟ್ಟಲ ಮೇಲೆ ದೂರು ಕೊಡುವುದು ಸಣ್ಣ ಮಾತಲ್ಲ. ದೂರು ನಿಜವಾಗದಿದ್ದರೆ ಕೊಟ್ಟವನ ಒಂದು ಸರದಿ ಹೋಗುತ್ತದೆ. ದಿನಾ ಒಬ್ಬರು ಅನುಮಾನ ಎತ್ತಬಾರದು ಎಂದು ಹಿಂದಿನವರು ಹೀಗೆ ಮಾಡಿದ್ದಾರಂತೆ. ಮಾಳಿಂಗಪ್ಪಗೌಡರು ಅದನ್ನು ನೆನಪು ಮಾಡಿಕೊಟ್ಟರು.

"ಗೊತ್ತೈತ್ರೀ ಗೌಡ್ರ," ಎಂದ ಅಂಬಪ್ಪ. "ನೀರು ಬರವಲ್ದು ಅನ್ನೂದೂ ಗೊತ್ತೈತಿ."

ಆಯಿಯನ್ನು ಕರೆಸಿದರು. ಅವಳು ಬಟ್ಟಲ ಮೇಲೆ ಕೈ ಇಟ್ಟು, ಆರಕ್ಕೆ ಆರು, ಮೂರಕ್ಕೆ ಮೂರು ಎಣಿಸಿದ್ದೇನೆ, ಒಂದು ಹಳ್ಳು ತಪ್ಪಿಲ್ಲ ಎಂದಳು. ಅದು ನಿಜವೇ ಆಗಿತ್ತು. ಆಮೇಲೆ ಗೌಡರು ನನ್ನ ಕಡೆ ನೋಡಿ, ನೀನು ಹಳ್ಳು ಇಡುವಾಕಿ, ಆಕೆ ಹೇಳುವುದು ಖರೆಯೇನು ಎಂದು ಕೇಳಿದರು. ನಾನು ತಲೆ ಆಡಿಸಿದೆ. ಅದೂ ನಿಜವೇ. ಆದರೆ ನಮ್ಮಿಬ್ಬರ ಆ ನಿಜದಿಂದ ಅಂಬಪ್ಪ ಸುಳ್ಳುಗಾರ ಎನಿಸಿಕೊಂಡ. ಐದನೆಯ ಸುತ್ತಿನಲ್ಲಿ ಅವನ ಹೊಲಕ್ಕೆ ನೀರಿಲ್ಲ ಎಂದು ತೀರ್ಮಾನವಾಯಿತು.

ಐದನೆಯ ಸುತ್ತು ಬಂದಾಗ ಜೋಳ ಹೊಡೆಯಲ್ಲಿತ್ತು. ತೆನೆ ಇನ್ನೂ ಗರಿಯೊಳಗೆ ಇರುವ ಹೊತ್ತು ಅದು. ಆಗ ನೀರು ಸಿಗದಿದ್ದರೆ ತೆನೆ ಹೊರಗೆ ಬಂದರೂ ಕಾಳು ಕಟ್ಟುವುದಿಲ್ಲ ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಹದಿಮೂರನೆಯ ಹೊಲ ಮುಗಿದ ಕೂಡಲೇ ತೂಬು ಮುಚ್ಚಿದರು. ಮರುದಿನ ಕೂಲಿಯಿಂದ ಬರುವಾಗ ನಾನು ದಿಬ್ಬದ ಆಚೆ ಹೋಗಿ ನೋಡಿದೆ. ಜೋಳದ ಗರಿಗಳು ಸುರುಳಿ ಸುತ್ತಿಕೊಂಡು ಸೂಜಿಯ ಹಾಗೆ ನಿಂತಿದ್ದವು. ಅಯ್ಯಮ್ಮ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ತಂದು ಬುಡಬುಡಕ್ಕೆ ಹಾಕುತ್ತಿದ್ದಳು. ಎಷ್ಟು ಬುಡಕ್ಕೆ ಹಾಕಿಯಾಳು? ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದಾದ ಎಂಟು ದಿನಕ್ಕೆ ಆರನೆಯ ಸುತ್ತಿಗೆ ತೂಬು ತೆಗೆದರು. ಮೊದಲನೆಯ ಬಟ್ಟಲು ತೇಲುತ್ತಿತ್ತು. ಆಯಿ ಕೈಬೆರಳು ನೋಯುತ್ತಿದೆ, ಇವತ್ತು ನೀನೇ ಬತ್ತಿ ಹೊಸೆ ಎಂದು ಅರಳೆಯನ್ನು ನನ್ನ ಮುಂದೆ ಇಟ್ಟಳು. ನಾನು ಬೇಗ ಬೇಗ ಹೊಸೆದೆ. ಬಟ್ಟಲು ಮುಳುಗಿತು. ಎಷ್ಟಾದವು ಎಂದು ಕೇಳಿದಳು. ಎಣಿಸಿದೆ. ಮೂವತ್ತೊಂದು.

"ನೀ ಹುಡುಗಿ," ಎಂದಳು. "ನಿನ್ನ ಕೈ ಮೊಂಡಲ್ಲ."

ಆಮೇಲೆ ಬಟ್ಟಲು ಮುಳುಗಿದಾಗ ಎತ್ತುವುದು, ಬಿಡುವುದು, ಅಷ್ಟೇ. ಹದಿಮೂರನೆಯ ಹೊಲ ಮುಗಿಯುತ್ತಾ ಬಂದಾಗ ನನಗೆ ಹೇಳಿದಳು: ಕೆಳಗೆ ಇಳಿ, ಆ ಹೊಲದ ಬಾಯಿ ಮುಚ್ಚಿದ ಕೂಡಲೇ ನೀರಿನ ಮುಂತುದಿಯ ಜೊತೆ ನಡೆ, ಮುಂದೆ ಹೋಗಬೇಡ, ಹಿಂದೆ ಬೀಳಬೇಡ; ಒಂದೊಂದು ಬಟ್ಟಲು ಮುಳುಗಿದಾಗ ನಾನು ಬಿಳಿ ಸೀರೆಯ ತುಂಡು ಬೀಸುತ್ತೇನೆ, ಎಲ್ಲಿ ಇದ್ದೀ ನೋಡಿಕೊ.

ನಾನು ನಡೆದೆ. ನೀರು ಬಹಳ ನಿಧಾನ. ಬಿರುಕು ಕಂಡಲ್ಲಿ ನಿಲ್ಲುತ್ತದೆ, ತುಂಬಿಕೊಂಡು ಮತ್ತೆ ಹೊರಡುತ್ತದೆ. ಒಣಎಲೆ, ಹುಲ್ಲುಕಡ್ಡಿ ಹೊತ್ತುಕೊಂಡು ಬರುತ್ತದೆ. ಏರಿ ದಿಬ್ಬಕ್ಕಿಂತ ಎತ್ತರವಾದ್ದರಿಂದ ಆಚೆಯಿಂದಲೂ ಕಾಣುತ್ತದೆ. ಮೊದಲನೆಯ ಸಲ ಬಿಳಿ ಬಟ್ಟೆ ಬೀಸಿದಾಗ ದಿಬ್ಬ ಇನ್ನೂ ಮುಂದಿತ್ತು. ಎರಡನೆಯ ಸಲ ದಿಬ್ಬದ ಬುಡದಲ್ಲಿದ್ದೆ. ಮೂರನೆಯ ಸಲ ಬೀಸಿದಾಗ ಅರ್ಧ ದಿಬ್ಬವನ್ನು ಸುತ್ತಿದ್ದೆ, ಅಷ್ಟೆ. ಆ ಹೊತ್ತಿಗೆ ಹಾದಿ ಬಟ್ಟಲು ಮುಗಿದಿದ್ದವು. ಅಲ್ಲಿಂದ ಮುಂದೆ ಹಾದಿ ಕುಡಿದದ್ದೆಲ್ಲ ಅಂಬಪ್ಪನ ಹೊಲದ ನೀರು. ಐದನೆಯ ಸಲ ಬೀಸಿದ ಮೇಲೆ ನೀರು ಹೊಲದ ಬಾಯಿಗೆ ಮುಟ್ಟಿತು. ಅಂಬಪ್ಪ ಸಲಿಕೆ ಹಿಡಿದು ಅಲ್ಲಿಯೇ ನಿಂತಿದ್ದ. ನಾನು ಏರಿಯ ಕಡೆ ತಿರುಗಿದೆ. ಬಂದು ಆಯಿಗೆ ಐದು ಎಂದೆ. ಅವಳು ನೆಲದ ಮೇಲೆ ಕೈ ಊರಿದಳು.

ಸಂತೆಯ ದಿನ ಇಬ್ಬರೂ ಬಟ್ಟಲು ಕಟ್ಟಿಕೊಂಡು ಮಸ್ಕಿಗೆ ನಡೆದುಹೋದೆವು. ಅಲ್ಲಿ ಉಸ್ಮಾನ್‌ಸಾಬ್ ಎಂಬ ಮುದುಕರು ತಾಮ್ರದ ಪಾತ್ರೆ ತಟ್ಟಿ, ಕಲಾಯಿ ಹಾಕಿ ಬದುಕುತ್ತಾರೆ. ಆ ಬಟ್ಟಲು ಮಾಡಿದವರು ಅವರ ಅಪ್ಪ. ತೂತು ಹಾಕಿದ ಉಕ್ಕಿನ ಸೂಜಿ ಇನ್ನೂ ಅವರ ಪೆಟ್ಟಿಗೆಯಲ್ಲಿತ್ತು. ಅದನ್ನು ತೂತಿನಲ್ಲಿ ಇಟ್ಟರು. ಸೂಜಿ ಸಡಿಲಾಗಿ ಆಚೆಗೆ ಬಿದ್ದುಹೋಯಿತು. ಆಯಿ, ಇದನ್ನು ಯಾರಾದರೂ ಕೊರೆದಿದ್ದಾರೇನು ಎಂದು ಕೇಳಿದಳು.

"ಇಲ್ಲಮ್ಮಾ, ಯಾರೂ ಕೊರದಿಲ್ಲ," ಎಂದರು ಉಸ್ಮಾನ್‌ಸಾಬ್. "ತಿಕ್ಕಿ ತಿಕ್ಕಿ ಹಿಂಗಾಗೈತಿ. ಬೂದಿ, ಮುಳ್ಳು. ತಾಮ್ರ ಮೆತ್ತಗಿರತೈತಿ. ಆದ್ರ ಇಷ್ಟು ಸ್ವಚ್ಛ ಇಟ್ಟ ಭಾಂಡೆ ನಾ ನೋಡಿಲ್ಲ ಬಿಡ್ರಿ."

ಅವರು ಹೊಗಳಿಯೇ ಹೇಳಿದ್ದರು. ದಾರಿಯಲ್ಲಿ ಆಯಿ ನಾಲ್ಕು ಕಡೆ ಕುಳಿತಳು. ಕಾಲು ನೋವು ಎಂದಳು.

ಇದನ್ನು ನಾನು ಮನೆಯಲ್ಲಿ ಹಳ್ಳು ಇಟ್ಟುಕೊಂಡು ಎಷ್ಟೋ ಸಲ ಲೆಕ್ಕ ಮಾಡಿ ನೋಡಿದ್ದೇನೆ. ತೂತು ದೊಡ್ಡದಾದರೆ ಬಟ್ಟಲು ಬೇಗ ಮುಳುಗುತ್ತದೆ. ಆಗ ಎಲ್ಲರ ಹೊತ್ತೂ ಸಣ್ಣದಾಗುತ್ತದೆ. ಆದರೆ ಮೇಲಿನ ಹೊಲಗಳಿಗೆ ಅದರಿಂದ ನಷ್ಟವಿಲ್ಲ. ಆ ಹೊಲಗಳ ಮಣ್ಣು ಬೇಗ ಬಿರಿಯುತ್ತದೆ, ಅದನ್ನು ನೋಡಿ ಮುಂದಿನ ಸುತ್ತಿಗೆ ಬೇಗ ತೂಬು ತೆಗೆಯುತ್ತಾರೆ. ಒಂದು ಸುತ್ತಿನಲ್ಲಿ ಕಡಿಮೆಯಾದದ್ದು ಸುತ್ತು ಹೆಚ್ಚಾಗಿ ತುಂಬಿಬರುತ್ತದೆ. ಕೊನೆಯ ಹೊಲಕ್ಕೆ ಹಾಗಲ್ಲ. ಬಟ್ಟಲು ಸಣ್ಣದಾದರೂ ಹಾದಿ ಸಣ್ಣದಾಗಲಿಲ್ಲ. ಸುತ್ತು ಹೆಚ್ಚಾದಷ್ಟೂ ಅಂಬಪ್ಪ ಹಾದಿಗೆ ಹೆಚ್ಚು ನೀರು ಕೊಡುತ್ತಾ ಹೋದ. ಅವನಿಗಿಂತ ಮೊದಲು ಅವನ ಅಪ್ಪನೂ ಕೊಟ್ಟಿರಬೇಕು. ನೀರು ಹೆಚ್ಚು ಇದ್ದ ವರ್ಷ ಅದು ಯಾರಿಗೂ ಕಾಣಲಿಲ್ಲ.

ಆಯಿಗೆ ಈ ಲೆಕ್ಕ ನಾನು ಹೇಳುವ ಮೊದಲೇ ಗೊತ್ತಿತ್ತು. ತನ್ನ ಹೊಲ ತೂಬಿನ ಬುಡದಲ್ಲೇ ಇದೆ, ಅದು ಯಾವತ್ತೂ ಒಣಗಿಲ್ಲ ಎಂದು ಒಂದೇ ಮಾತು ಹೇಳಿದಳು.

ಮಸ್ಕಿಯಿಂದ ಬಂದ ಮರುದಿನ ಅವಳು ಚಾವಡಿಗೆ ಹೋದಳು. ನಾನು ಹಿಂದೆ ಹೋಗಿ ಕಂಬದ ಹತ್ತಿರ ನಿಂತೆ. ಗೌಡರಿದ್ದರು, ಮೇಲಿನ ಹೊಲದವರು ಏಳೆಂಟು ಜನ ಇದ್ದರು, ಅಂಬಪ್ಪನನ್ನೂ ಕರೆಸಿದಳು. ಬಟ್ಟಲನ್ನು ನೆಲದ ಮೇಲೆ ಇಟ್ಟಳು.

"ಅಂಬಪ್ಪ ಸುಳ್ಳು ಹೇಳಿಲ್ರೀ," ಎಂದಳು. "ನಾನೂ ಸುಳ್ಳು ಎಣಿಸಿಲ್ಲ. ಬಟ್ಟಲ ಸುಳ್ಳಾಗೈತಿ. ಸುಳ್ಳು ಮಾಡಿದಾಕಿ ನಾನಽ."

ಬತ್ತಿಯ ವಿಷಯ, ನಡೆದ ವಿಷಯ, ಸೂಜಿಯ ವಿಷಯ ಎಲ್ಲ ಹೇಳಿದಳು. ಬತ್ತಿ ಎಂದಾಗ ಒಬ್ಬ ನಕ್ಕ. ಕಾಲುವೆ ಒಣಗಿದ್ದಕ್ಕೆ ನೀರು ತಡವಾಗಿರಬೇಕು ಎಂದು ಇನ್ನೊಬ್ಬ ಹೇಳಿದ. ಮಾಳಿಂಗಪ್ಪಗೌಡರು ಮಾತ್ರ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅವರಿಗೆ ತಿಳಿಯಿತು ಎಂದು ನನಗೆ ಅನ್ನಿಸಿತು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

"ಆಯಿ, ಇವತ್ತ ಬಟ್ಟಲ ತಪ್ಪು ಅಂದ್ರ ನಿನ್ನಿದೂ ತಪ್ಪು, ಹ್ವಾದ ವರ್ಷದ್ದೂ ತಪ್ಪು," ಎಂದರು. "ಯಾರಿಗೆ ಎಷ್ಟು ಬರಬೇಕಿತ್ತು ಅಂತ ಹದಿನಾಕು ಮಂದಿ ಬಡಿಗಿ ಹಿಡಕೊಂಡು ನಿಂದರ್ತಾರ. ಕೆರ್ಯಾಗ ನೀರಿಲ್ಲ, ಮನ್ಯಾಗ ಕಾಳಿಲ್ಲ, ಇದೊಂದು ಬ್ಯಾರೆ ಬೇಕೇನು? ಸುಗ್ಗಿ ಆಗಲಿ. ಸುಮ್ಕ ಹೊಸಾದು ಮಾಡಸೋಣು."

"ಸುಗ್ಗಿ ಆಗೂತನಾ ಇವನ ಹೊಲ ಇರತೈತೇನ್ರೀ?"

ಆಯಿ ಅಷ್ಟಕ್ಕೇ ನಿಲ್ಲಲಿಲ್ಲ. ಅಂಬಪ್ಪನಿಂದ ಕಿತ್ತುಕೊಂಡ ಸರದಿಯನ್ನಾದರೂ ತಿರುಗಿ ಕೊಡಿರಿ ಎಂದು ಕೇಳಿದಳು. ಕೆರೆಯಲ್ಲಿ ಇನ್ನು ಒಂದು ಸುತ್ತಿನ ನೀರು ಮಾತ್ರ ಉಳಿದಿತ್ತು. ಕೊಡಬೇಕೆಂದರೆ ಯಾರದಾದರೂ ಒಂದು ಸರದಿ ಕಡಿಯಬೇಕು. ಗೌಡರು ಒಬ್ಬೊಬ್ಬರ ಮುಖ ನೋಡಿದರು. ಎಲ್ಲರ ಮನೆಯಲ್ಲೂ ತಿನ್ನುವ ಬಾಯಿಗಳಿದ್ದವು. ಅವರನ್ನು ನಾನು ಕೆಟ್ಟವರು ಎನ್ನಲಾರೆ. ಎಲ್ಲರೂ ನೆಲ ನೋಡಿದರು.

"ಹಂಗಾರ ನಂದು ಕಡೀರಿ," ಎಂದಳು ಆಯಿ. "ನನ್ನ ಆರು ಬಟ್ಟಲ ಅವನ ಸರದಿ ಮುಗದ ಮ್ಯಾಲ ಬಿಡ್ರಿ. ಆವಾಗ ಹಾದಿ ತೊಯ್ದಿರತೈತಿ. ಹನಿ ಸುದ್ದಾ ಹಾದಿಗೆ ಹೋಗಾಂಗಿಲ್ಲ."

ಅದನ್ನು ಅವಳು ಮೊದಲೇ ಯೋಚಿಸಿಕೊಂಡು ಬಂದಿದ್ದಳು. ಅವಳದನ್ನು ಅವಳು ಕೊಡುತ್ತಾಳೆ ಎಂದು ಗೌಡರು ಒಪ್ಪಿದರು. ಅಂಬಪ್ಪ ಎದ್ದು ನಿಂತು ಒಂದು ಮಾತು ಕೇಳಿದ. ನಾನು ಸುಳ್ಳುಗಾರ ಎಂದು ಈ ಚಾವಡಿಯಲ್ಲಿ ತೀರ್ಮಾನವಾಗಿದೆ, ಅದನ್ನು ತಿರುಗಿ ತೆಗೆದುಕೊಳ್ಳುತ್ತೀರಾ ಎಂದ. ಗೌಡರು, ನೀರು ಬಂತಲ್ಲಪ್ಪ, ಸುಮ್ಮನೆ ಹೋಗು ಎಂದರು. ಬಟ್ಟಲು ತಪ್ಪು ಎಂದು ಒಪ್ಪದೆ ಅವನು ಸರಿ ಎಂದು ಹೇಗೆ ಹೇಳುವುದು? ಅವನು ಹೋದ.

ಏಳನೆಯ ಸುತ್ತು ಬರುವ ಹೊತ್ತಿಗೆ ಅವನ ಜೋಳ ತೆನೆ ಹಾಕಿತ್ತು. ನೀರು ಈ ಸಲ ಕೊನೆಯ ಸಾಲಿನ ತನಕ ಹೋಯಿತು, ನಾನು ಹೋಗಿ ನೋಡಿದೆ. ಆದರೆ ಹೊಡೆಯಲ್ಲಿ ಬೇಕಾಗಿದ್ದ ನೀರು ಆಮೇಲೆ ಬಂದರೆ ಆಮೇಲಿನದೇ. ಕಾಲುವೆಯ ಬಾಯಿಯ ಹತ್ತಿರದ ಸಾಲುಗಳಲ್ಲಿ ಅಷ್ಟಿಷ್ಟು ಕಾಳು ಕಟ್ಟಿತು. ಉಳಿದ ತೆನೆಗಳನ್ನು ಕೈಯಲ್ಲಿ ತಿಕ್ಕಿದರೆ ಹೊಟ್ಟು ಹಾರಿಹೋಗುತ್ತಿತ್ತು. ಆಯಿಯ ಹೊಲ ಕಾಳು ತುಂಬುವ ಹೊತ್ತಿಗೆ ಒಣಗಿತು. ಅವಳು ತೆನೆ ಮುರಿಯಲಿಲ್ಲ, ದನ ಬಿಡಿಸಿದಳು.

ಆ ಬೇಸಿಗೆ ನಮ್ಮೂರಲ್ಲಿ ಹುಣಸೆಬೀಜ ಹುರಿದು ಕುಟ್ಟಿ ತಿಂದೆವು. ಅಂಬಪ್ಪನ ಮನೆಯ ಜೋಳ ಎರಡು ತಿಂಗಳಿಗೆ ಮುಗಿಯಿತು. ಹೊಸಪೇಟೆ ಕಡೆ ಹೊಳೆಗೆ ಅಡ್ಡ ದೊಡ್ಡ ಕಟ್ಟೆ ಕಟ್ಟುತ್ತಿದ್ದಾರೆ, ಕಲ್ಲು ಹೊರುವವರಿಗೆ ಕೆಲಸ ಇದೆ ಎಂದು ಸುದ್ದಿ ಇತ್ತು. ಅವನೂ ಅಯ್ಯಮ್ಮನೂ ಮಕ್ಕಳನ್ನು ಕರೆದುಕೊಂಡು ಹೊರಟರು. ಹೊರಡುವ ದಿನ ಆಯಿ ಹಾದಿಯ ಮೇಲೆ ಹೋಗಿ ನಿಂತಿದ್ದಳು. ನನ್ನನ್ನೂ ಜೊತೆಗೆ ಕರೆದೊಯ್ದಿದ್ದಳು.

"ನಿನ್ನ ಮ್ಯಾಲ ನಂಗ ಸಿಟ್ಟಿಲ್ಲ ಆಯಿ," ಎಂದ ಅಂಬಪ್ಪ. "ನೀರು ಕೊಟ್ಟಿ. ಆದ್ರ ಸುಳ್ಳುಗಾರ ಅನ್ನಿಸಿಕೊಂಡು ಈ ಊರಾಗ ಮತ್ತ ಹೆಂಗ ಬರಲಿ?"

ಅವರು ಇಂದಿನ ತನಕ ಬಂದಿಲ್ಲ. ದಿಬ್ಬದ ಆಚೆಯ ಹೊಲದಲ್ಲಿ ಜಾಲಿ ಹುಟ್ಟಿದೆ.

ಸುಗ್ಗಿಯಾದ ಮೇಲೆ ಗೌಡರು ಹೇಳಿದಂತೆಯೇ ಉಸ್ಮಾನ್‌ಸಾಬರ ಕೈಯಲ್ಲಿ ಹೊಸ ಬಟ್ಟಲು ಮಾಡಿಸಿದರು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಹಳೆಯದನ್ನು ಕರಗಿಸಿಬಿಟ್ಟರು. ಆಯಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಲಾಲಪ್ಪ ಎಂಬವನನ್ನು ಏರಿಯ ಮೇಲೆ ಕೂರಿಸಿದರು. ಅದಕ್ಕೆ ಅವಳು ಬೇಸರ ಮಾಡಿಕೊಳ್ಳಲಿಲ್ಲ. ಬೂದಿ ಹಚ್ಚಿ ತಿಕ್ಕಬೇಡ, ನೀರಲ್ಲಿ ತೊಳೆದರೆ ಸಾಕು, ವರ್ಷಕ್ಕೊಮ್ಮೆ ನೀರಿನ ಜೊತೆ ನಡೆದು ನೋಡು ಎಂದು ಅವನಿಗೆ ಹೇಳಿಕೊಟ್ಟಳು. ಅವನು ಹೂಂ ಎಂದ. ನಡೆದನೋ ಇಲ್ಲವೋ ನನಗೆ ತಿಳಿಯದು.

ಅವಳಿಗಿದ್ದ ಬೇಸರ ಒಂದೇ. ಪ್ರತಿ ಅಮಾವಾಸ್ಯೆಯ ದಿನ ಹಿರಿಯರು ಚಾವಡಿಯಲ್ಲಿ ಕೂಡುತ್ತಾರೆ. ಅವಳು ಪ್ರತಿ ಅಮಾವಾಸ್ಯೆ ಹೋಗಿ, ಮೆಟ್ಟಿಲ ಕೆಳಗೆ ನಿಂತು, ಅಂಬಪ್ಪ ಹೇಳಿದ್ದು ಖರೆ ಇತ್ತು, ಅದನ್ನು ನೀವು ಹೇಳಿರಿ ಎನ್ನುತ್ತಿದ್ದಳು. ಮೊದಮೊದಲು ಕೂರಿಸಿ ಸಮಾಧಾನ ಮಾಡಿದರು. ಆಮೇಲೆ ಬಟ್ಟಲಮ್ಮ ಬಂದಳು ಎಂದು ನಗುತ್ತಿದ್ದರು. ಆಮೇಲೆ ನಗುವುದನ್ನೂ ಬಿಟ್ಟರು. ಅವಳು ಹೇಳಿ ಮುಗಿಸುವ ತನಕ ಬೇರೆ ಮಾತಾಡುತ್ತಿದ್ದರು. ಹೊಲದವರು ಕೊಟ್ಟ ಕಾಳಿನ ಬುಟ್ಟಿಗಳನ್ನು ಅವಳು ತೆಗೆದುಕೊಳ್ಳಲಿಲ್ಲ. ನಮ್ಮವ್ವ ಕರೆಮ್ಮ ಅಂಬಲಿ ಕಾಯಿಸಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು, ಅರ್ಧ ಕುಡಿದು ಅರ್ಧ ಇಡುತ್ತಿದ್ದಳು. ಅವಳು ತೀರಿಕೊಂಡಾಗ ಮೈಯಲ್ಲಿ ಏನೂ ಇರಲಿಲ್ಲ. ಹೊರಲು ನಾಲ್ಕು ಜನ ಬಂದರು, ಇಬ್ಬರು ಸಾಕಾಗುತ್ತಿದ್ದರು.

ಅವಳು ಹೋದ ಮೇಲೆ ಒಂದು ಅಮಾವಾಸ್ಯೆ ಬಂತು. ಚಾವಡಿಯಲ್ಲಿ ಆ ಮಾತು ಯಾರೂ ಆಡಲಿಲ್ಲ. ಬಟ್ಟಲ ತೂತಿನಿಂದ ಸೂಜಿ ಬಿದ್ದದ್ದನ್ನು, ನೀರು ಐದು ಬಟ್ಟಲು ನಡೆದದ್ದನ್ನು ಕಣ್ಣಾರೆ ಕಂಡವಳು ಊರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ಅಂಬಪ್ಪನ ಮೇಲೆ ತೀರ್ಮಾನವಾದಾಗ ತಲೆ ಆಡಿಸಿದವಳೂ ನಾನೇ.

ನಾಳಿದ್ದು ಅಮಾವಾಸ್ಯೆ. ನಾನು ಚಾವಡಿಗೆ ಹೋಗಿ ಈ ಹಾಳೆಗಳನ್ನು ಮೊದಲಿನಿಂದ ಕೊನೆಯ ತನಕ ಓದುತ್ತೇನೆ.